‘ನಮ್ಮ ವಂಶದಾಗೇ ಐತಿ ಸಾರ್’: ಒಸಡಿನ ಕಾಯಿಲೆಯೂ ಎಚ್‌ಎಲ್‌ಎ ಗುರುತುಗಳೂ



ಮೂರು ವರ್ಷದ ಹಿಂದೆ ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಲೆಕ್ಕದಲ್ಲಿ ಚುರುಕು, ಕಬಡ್ಡಿಯಲ್ಲಿ ಇನ್ನೂ ಚುರುಕು. ಅವನ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಹೊಸದಾಗಿ ಸಂದು ಬಿದ್ದಿತ್ತು. ಒಸಡಿನ ಅಂಚಿನಲ್ಲಿ ಒಮ್ಮೊಮ್ಮೆ ರಕ್ತ ಕಾಣುತ್ತಿತ್ತು. ಸ್ವಚ್ಛತೆಯ ಪಾಠ ಮಾಡುತ್ತಿದ್ದ ದಿನ ನಾನು ಎಲ್ಲರ ಮುಂದೆ, "ಏನಪ್ಪಾ, ಹಲ್ಲುಜ್ಜೋದು ಬಿಟ್ಟೇಬಿಟ್ಟೆಯಾ?" ಅಂದೆ. ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ, ಆದರೆ ಬಾಯಿಗೆ ಕೈ ಅಡ್ಡ ಹಿಡಿದು. ಅವತ್ತಿನಿಂದ ಅವನು ತರಗತಿಯಲ್ಲಿ ಎದ್ದು ಉತ್ತರ ಹೇಳೋದನ್ನೇ ನಿಲ್ಲಿಸಿದ.

ಪೋಷಕರ ಸಭೆಗೆ ಅವನ ತಾಯಿ ಬಂದರು. ಸಂಗತಿ ಕೇಳಿದೆ. "ಏನ್ ಮಾಡೋಣ ಸಾರ್, ನಮ್ಮ ವಂಶದಾಗೇ ಐತಿ. ಅವರಪ್ಪಂದು ಮೂವತ್ತು ತುಂಬೋದ್ರಾಗ ಮುಂದಿನ ಹಲ್ಲು ಹೋದ್ವು. ಇವಂದೂ ಹೋಗ್ತಾವ," ಅಂದರು. ಮಳೆ ಬರಲಿಲ್ಲ ಅಂದಷ್ಟೇ ಸಹಜವಾಗಿ ಹೇಳಿದರು.

ನಮ್ಮ ಆದೋನಿ, ಆಲೂರು ಕಡೆಯವರು 1953ರವರೆಗೆ ಬಳ್ಳಾರಿ ಜಿಲ್ಲೆಯವರೇ ಆಗಿದ್ದೆವು. ಗಡಿ ಬದಲಾದರೂ ದೊಡ್ಡ ಕಾಯಿಲೆ ಅಂದರೆ ಈಗಲೂ ಕಾಲು ಬಳ್ಳಾರಿ ಕಡೆಗೇ ತಿರುಗುತ್ತದೆ. ಹುಡುಗನನ್ನೂ ಅಲ್ಲಿಗೇ ಕರೆದುಕೊಂಡು ಹೋದೆವು. ಹಲ್ಲಿನ ವೈದ್ಯರು ಎಕ್ಸ್‌ರೇ ತೆಗೆದು ದೀಪದ ಮುಂದೆ ಹಿಡಿದರು. ಮುಂದಿನ ಹಲ್ಲುಗಳ ಹತ್ತಿರ, ಮತ್ತೆ ಆರನೇ ವಯಸ್ಸಿಗೆ ಬರುವ ಮೊದಲ ದವಡೆಹಲ್ಲುಗಳ ಹತ್ತಿರ, ಮೂಳೆ ಬಟ್ಟಲಿನ ಹಾಗೆ ಕರಗಿತ್ತು. ಉಳಿದ ಹಲ್ಲುಗಳ ಸುತ್ತ ಮೂಳೆ ಚೆನ್ನಾಗೇ ಇತ್ತು. ನಾನು, "ಇವನು ಸರಿಯಾಗಿ ಹಲ್ಲುಜ್ಜಲ್ಲ ಅನ್ಸುತ್ತೆ ಡಾಕ್ಟ್ರೇ," ಅಂದೆ. ಅವರು ನನ್ನ ಕಡೆ ನೋಡಿ, "ಇವನ ಹಲ್ಲಿನ ಮೇಲಿರೋ ಪಾಚಿ ನಿಮ್ಮ ಹಲ್ಲಿನ ಮೇಲಿರೋದಕ್ಕಿಂತ ಹೆಚ್ಚೇನಿಲ್ಲ ಸಾರ್," ಅಂದುಬಿಟ್ಟರು.

ಹಾಗಾದರೆ ತಾಯಿ ಹೇಳಿದ್ದೇ ಸರಿಯಾ? ‘ವಂಶದಲ್ಲಿದೆ’ ಅಂದರೆ ಏನು? ವಂಶದಲ್ಲಿದ್ದರೆ ಕೈಕಟ್ಟಿ ಕೂರಬೇಕಾ? ಈ ಪಾಠ ಬರೆಯಲು ಅದೇ ಕಾರಣ. ಇನ್ನೊಂದು ಕಾರಣವೂ ಇದೆ. ಈ ಬಗೆಯ ಒಸಡಿನ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದು ಹರೆಯ ಬರುವ ಹೊತ್ತಿಗೆ, ಅಂದರೆ ನಿಮ್ಮ ವಯಸ್ಸಿನಲ್ಲೇ. ಅಪರೂಪ ನಿಜ. ಆದರೆ ನೋವಿಲ್ಲದೆ ಬರುವ ಕಾಯಿಲೆಯಾದ್ದರಿಂದ ಗೊತ್ತಾಗೋದೇ ತಡವಾಗುತ್ತದೆ.

ಹಲ್ಲು ನಿಂತಿರುವುದು ಹೇಗೆ?

ಗೋಡೆಗೆ ಮೊಳೆ ಹೊಡೆದಂತೆ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ದವಡೆಯ ಮೂಳೆಯಲ್ಲಿ ಒಂದು ಕುಣಿ ಇದೆ. ಆ ಕುಣಿಗೂ ಹಲ್ಲಿನ ಬೇರಿಗೂ ನಡುವೆ ಸಾವಿರಾರು ಸಣ್ಣ ನಾರುಗಳಿವೆ. ಹುರಿಯ ಮಂಚದಲ್ಲಿ ಮಲಗಿದವರನ್ನು ಹಗ್ಗಗಳು ಹೊತ್ತಂತೆ ಈ ನಾರುಗಳು ಹಲ್ಲನ್ನು ಹೊತ್ತಿವೆ. ಕಡಲೆ ಅಗಿದಾಗ ಬೀಳುವ ಒತ್ತಡವನ್ನು ತಡೆಯುವುದು ಅವೇ. ಮೇಲೆ ಒಸಡು ಕೊರಳಪಟ್ಟಿಯ ಹಾಗೆ ಹಲ್ಲನ್ನು ಬಿಗಿದು ಮುಚ್ಚಿರುತ್ತದೆ.

ಹಲ್ಲಿನ ಮೇಲೆ ಬೆಳಗ್ಗೆ ನಾಲಿಗೆಗೆ ಜಾರುವ ಒಂದು ಪದರ ಸಿಗುತ್ತದಲ್ಲ, ಅದನ್ನು ನಾವು ಪಾಚಿ ಅನ್ನುತ್ತೇವೆ. ತೆಲುಗಿನಲ್ಲೂ ಪಾಚಿಯೇ. ವೈದ್ಯರು ಪ್ಲಾಕ್ ಅನ್ನುತ್ತಾರೆ. ಅದು ಬರೀ ಅನ್ನದ ಅಂಟಲ್ಲ, ಬ್ಯಾಕ್ಟೀರಿಯಾಗಳ ಊರು. ತೆಗೆಯದೆ ಬಿಟ್ಟರೆ ಒಸಡು ಕೆಂಪಾಗಿ ಊದಿಕೊಂಡು ರಕ್ತ ಬರುತ್ತದೆ. ಇದು ಜಿಂಜಿವೈಟಿಸ್. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ 1965ರಲ್ಲಿ ಹೆರಾಲ್ಡ್ ಲೋ ಎಂಬ ವಿಜ್ಞಾನಿ ಆರೋಗ್ಯವಂತರಾದ 12 ಮಂದಿಗೆ ಹಲ್ಲುಜ್ಜಬೇಡಿ ಅಂತ ಹೇಳಿ ಕಾದು ನೋಡಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದಾಗ ಎಲ್ಲರದೂ ವಾಸಿಯಾಯಿತು. ಈ ಹಂತದಲ್ಲಿ ವಂಶದ ಮಾತೇ ಬರಲ್ಲ. ಪಾಚಿ ಇದ್ದರೆ ಊತ, ಹೋದರೆ ವಾಸಿ.

ಕಷ್ಟ ಇರೋದು ಇದರ ಮುಂದಿನ ಹಂತದಲ್ಲಿ. ಊತ ಒಳಗಿಳಿದು ನಾರುಗಳನ್ನೂ ಮೂಳೆಯನ್ನೂ ಕರಗಿಸಿದರೆ ಅದು ಪೆರಿಯೊಡಾಂಟೈಟಿಸ್. ಒಮ್ಮೆ ಕರಗಿದ ಮೂಳೆ ತಾನಾಗಿ ಮೊದಲಿನಂತೆ ಆಗುವುದಿಲ್ಲ. ಪಾಚಿ ಇರುವ ಎಲ್ಲರಿಗೂ ಈ ಹಂತ ಬರುತ್ತದಾ?

ಒಂದೇ ತೋಟ, ಒಂದೇ ಪಾಚಿ

ಇದಕ್ಕೆ ಉತ್ತರ ಸಿಕ್ಕಿದ್ದು ಶ್ರೀಲಂಕಾದ ಚಹಾ ತೋಟಗಳಲ್ಲಿ. ಅದೇ ಲೋ ಮತ್ತು ಸಂಗಡಿಗರು 1970ರಿಂದ 15 ವರ್ಷ ಅಲ್ಲಿನ 480 ತಮಿಳು ಕೂಲಿ ಕಾರ್ಮಿಕರ ಬಾಯಿ ಪರೀಕ್ಷೆ ಮಾಡುತ್ತಾ ಬಂದರು. ಎಲ್ಲರೂ ಗಂಡಸರು. ಅಧ್ಯಯನದುದ್ದಕ್ಕೂ ನೋಡಿದರೆ ವಯಸ್ಸು 14ರಿಂದ 46. ಅವರಿಗೆ ಬ್ರಷ್ ಗೊತ್ತಿರಲಿಲ್ಲ, ಹಲ್ಲಿನ ವೈದ್ಯರೂ ಸಿಕ್ಕಿರಲಿಲ್ಲ. ಎಲ್ಲರ ಹಲ್ಲಲ್ಲೂ ಪಾಚಿ, ಎಲ್ಲರ ಒಸಡಲ್ಲೂ ಊತ. ಒಂದೇ ತೋಟ, ಒಂದೇ ಕೆಲಸ. (ಕಾಯಿಲೆ ಬೆಳೆಯೋದನ್ನು ಬರೀ ನೋಡುತ್ತಾ ಕೂತದ್ದು ಸರಿಯೇ ಅಂತ ನನಗೆ ಓದುವಾಗಲೆಲ್ಲ ಅನ್ನಿಸುತ್ತದೆ. ನೀವೂ ಚರ್ಚೆ ಮಾಡಿ.)

ಫಲಿತಾಂಶ 1986ರಲ್ಲಿ ಪ್ರಕಟವಾಯಿತು. 100ಕ್ಕೆ 8 ಮಂದಿಗೆ ಕಾಯಿಲೆ ಓಡುತ್ತಾ ಬಂದಿತ್ತು. 81 ಮಂದಿಗೆ ನಿಧಾನವಾಗಿ ಬಂದಿತ್ತು. 11 ಮಂದಿಗೆ ಊತದಿಂದ ಮುಂದಕ್ಕೆ ಹೋಗಲೇ ಇಲ್ಲ. 35ನೇ ವಯಸ್ಸಿಗೆ ಮೊದಲ ಗುಂಪಿನವರಲ್ಲಿ ಹಲ್ಲಿನ ಹಿಡಿತ ಸುಮಾರು 9 ಮಿಲಿಮೀಟರ್ ಕಳಚಿತ್ತು. ಕೊನೆಯ ಗುಂಪಿನವರಲ್ಲಿ 1 ಮಿಲಿಮೀಟರ್ ಕೂಡ ಇಲ್ಲ. ನಿಮ್ಮ ತರಗತಿಯಲ್ಲಿ 40 ಮಂದಿ ಇದ್ದು, ಯಾರೂ ಹಲ್ಲೇ ಉಜ್ಜದೆ ಬೆಳೆದರು ಅಂದುಕೊಳ್ಳಿ. ಅದೇ ಲೆಕ್ಕದಲ್ಲಿ ಮೂವರಿಗೆ ಬೇಗ ಹಲ್ಲು ಹೋಗುತ್ತದೆ, ನಾಲ್ಕೈದು ಮಂದಿಗೆ ಏನೂ ಆಗಲ್ಲ, ಉಳಿದವರು ನಡುವೆ.

ಹತ್ತಿ ಬೆಳೆಯುವ ಮನೆಯ ಮಕ್ಕಳಿಗೆ ಇದು ಹೊಸದಲ್ಲ. ಅಕ್ಕಪಕ್ಕದ ಎರಡು ಹೊಲಕ್ಕೆ ಒಂದೇ ಹುಳ ಬಿದ್ದರೂ ಎರಡರಲ್ಲೂ ಒಂದೇ ನಷ್ಟ ಆಗಲ್ಲ. ತಳಿ ಯಾವುದು ಅಂತ ನಿಮ್ಮಪ್ಪ ಮೊದಲು ಕೇಳುತ್ತಾರಲ್ಲ, ವಿಜ್ಞಾನಿಗಳೂ ಅದನ್ನೇ ಕೇಳಿದರು.

ಮೂಳೆ ಕರಗಿಸಿದ್ದು ಯಾರು?

ಇಲ್ಲಿ ನಿಧಾನವಾಗಿ ಓದಿ. ಮೂಳೆಯನ್ನು ಬ್ಯಾಕ್ಟೀರಿಯಾ ತಿನ್ನುತ್ತದೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಹೆಚ್ಚಿನ ಹಾನಿ ಮಾಡುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಪಾಚಿಯ ಬ್ಯಾಕ್ಟೀರಿಯಾ ಒಸಡಿನೊಳಗೆ ನುಗ್ಗಲು ನೋಡಿದಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಮೊದಲು ಓಡಿ ಬರುತ್ತವೆ. ಅವು ಬ್ಯಾಕ್ಟೀರಿಯಾ ನುಂಗುತ್ತವೆ, ಕಿಣ್ವಗಳನ್ನು ಸುರಿಯುತ್ತವೆ. ಆ ಕಿಣ್ವಗಳಿಗೆ ನಮ್ಮ ನಾರು, ಶತ್ರುವಿನ ಮೈ ಅನ್ನೋ ಭೇದವಿಲ್ಲ. ಜೊತೆಗೆ ಜೀವಕೋಶಗಳು ಇಂಟರ್‌ಲ್ಯೂಕಿನ್-1ರಂಥ ಸಂದೇಶ ಪ್ರೋಟೀನುಗಳನ್ನು ಕಳಿಸುತ್ತವೆ. ಈ ಸಂದೇಶ ಅತಿಯಾದರೆ ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಜೀವಕೋಶಗಳು ಎಚ್ಚೆತ್ತು ಕೆಲಸಕ್ಕಿಳಿಯುತ್ತವೆ. ಕಳ್ಳನನ್ನು ಹಿಡಿಯಲು ಬಂದವರು ಬಾಗಿಲು, ಕಿಟಕಿ ಮುರಿದುಹೋದ ಹಾಗೆ.

ಕಾವಲು ತೀರ ದುರ್ಬಲವಾದರೂ ಕಷ್ಟ, ತೀರ ಕೋಪಿಷ್ಠವಾದರೂ ಕಷ್ಟ. ಕಾವಲಿನ ಈ ಸ್ವಭಾವವನ್ನು ಒಂದು ಪಾಲು ನಿರ್ಧರಿಸುವುದು ಜೀನುಗಳು. ಅವುಗಳಲ್ಲಿ ಹೆಚ್ಚು ಚರ್ಚೆಯಾದವು ಎಚ್‌ಎಲ್‌ಎ ಜೀನುಗಳು.

ಎಚ್‌ಎಲ್‌ಎ ಎಂಬ ತಟ್ಟೆ

ಎಚ್‌ಎಲ್‌ಎ ಅಂದರೆ ಹ್ಯೂಮನ್ ಲ್ಯೂಕೋಸೈಟ್ ಆಂಟಿಜೆನ್. ಇವು ಜೀವಕೋಶದ ಹೊರಮೈ ಮೇಲೆ ಇರುವ ಪ್ರೋಟೀನುಗಳು. ಇವುಗಳ ಜೀನುಗಳು 6ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿ ಒಟ್ಟಿಗೆ ಕೂತಿವೆ. ಮೊದಲ ಎಚ್‌ಎಲ್‌ಎಯನ್ನು 1958ರಲ್ಲಿ ಗುರುತಿಸಿದವರು ಫ್ರಾನ್ಸಿನ ಜ್ಯಾನ್ ದೋಸೆ. 1980ರ ನೊಬೆಲ್ ಪ್ರಶಸ್ತಿ ಅವರಿಗೂ, ಇದೇ ವಿಷಯದಲ್ಲಿ ಕೆಲಸ ಮಾಡಿದ ಬರೂಜ್ ಬೆನಾಸೆರಾಫ್, ಜಾರ್ಜ್ ಸ್ನೆಲ್ ಅವರಿಗೂ ಸೇರಿ ಬಂತು. ಮೂತ್ರಪಿಂಡ ಕಸಿ ಮಾಡುವಾಗ ‘ಮ್ಯಾಚ್ ಆಗುತ್ತಾ’ ಅಂತ ನೋಡುತ್ತಾರಲ್ಲ, ರಕ್ತದ ಗುಂಪಿನ ಜೊತೆ ಅವರು ನೋಡುವುದು ಇದನ್ನೇ.

ಇದರ ಕೆಲಸ ಸರಳ. ಜೀವಕೋಶದೊಳಗೆ ಸಿಕ್ಕ ಪ್ರೋಟೀನಿನ ಚೂರನ್ನು ಎಚ್‌ಎಲ್‌ಎ ತಟ್ಟೆಯಲ್ಲಿಟ್ಟಂತೆ ಹೊರಗೆ ತೋರಿಸುತ್ತದೆ. ಟಿ-ಕಣಗಳು ಬಂದು ತಟ್ಟೆ ನೋಡುತ್ತವೆ. ನಮ್ಮ ಮನೆಯದೇ ಪದಾರ್ಥವಾದರೆ ಸುಮ್ಮನೆ ಹೋಗುತ್ತವೆ, ಹೊರಗಿನದಾದರೆ ಕೂಗು ಹಾಕುತ್ತವೆ. ಎ, ಬಿ, ಸಿ ಅನ್ನುವ ತಟ್ಟೆಗಳು ಕೋಶಕೇಂದ್ರವಿರುವ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಮೇಲೂ ಇವೆ. ಡಿಆರ್, ಡಿಕ್ಯೂ, ಡಿಪಿ ಅನ್ನುವವು ಮುಖ್ಯವಾಗಿ ಕಾವಲು ಕಣಗಳ ಮೇಲೆ.

ತಟ್ಟೆಯ ಆಕಾರ ಎಲ್ಲರಲ್ಲೂ ಒಂದೇ ಅಲ್ಲ. ಈ ಜೀನುಗಳ 30,000ಕ್ಕೂ ಹೆಚ್ಚು ರೂಪಗಳನ್ನು ಪ್ರಪಂಚದಾದ್ಯಂತ ಗುರುತಿಸಿದ್ದಾರೆ. ಒಬ್ಬರ ತಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾದ ಚೂರು ಚೆನ್ನಾಗಿ ಕೂರುತ್ತದೆ, ಇನ್ನೊಬ್ಬರದರಲ್ಲಿ ಜಾರುತ್ತದೆ. ಇದರಿಂದ ಮನುಷ್ಯಕುಲಕ್ಕೆ ಲಾಭವೇ ಹೆಚ್ಚು. ಒಂದೇ ರೋಗಕ್ಕೆ ಊರಿಗೆ ಊರೇ ಬಲಿಯಾಗುವುದಿಲ್ಲ.

ಈಗ ಒಸಡಿಗೆ ಬರೋಣ. ಯುರೋಪ್ ಮೂಲದ ಜನರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಲೆಕ್ಕ ಹಾಕಿದರು. ಚಿಕ್ಕ ವಯಸ್ಸಿನಲ್ಲೇ ವೇಗವಾಗಿ ಬರುವ ಒಸಡಿನ ಕಾಯಿಲೆ ಇದ್ದವರಲ್ಲಿ ಎಚ್‌ಎಲ್‌ಎ-ಎ9, ಬಿ15 ರೂಪಗಳು ಹೆಚ್ಚಾಗಿ ಕಂಡವು, ಎ2 ಮತ್ತು ಬಿ5 ಕಡಿಮೆ ಕಂಡವು. ವಯಸ್ಸಾದ ಮೇಲೆ ನಿಧಾನವಾಗಿ ಬರುವ ಸಾಮಾನ್ಯ ಕಾಯಿಲೆಯಲ್ಲಿ ಇಂಥ ಸ್ಪಷ್ಟ ಸಂಬಂಧ ಸಿಗಲಿಲ್ಲ. ಇದಕ್ಕೂ ಮೊದಲೇ, 2006ರಲ್ಲಿ, ಕೇರಳದ ಸಂಶೋಧಕರು ಇದೇ ಎ9, ಬಿ15 ರೂಪಗಳನ್ನು ನಮ್ಮ ದೇಶದ ರೋಗಿಗಳಲ್ಲೂ ಆರೋಗ್ಯವಂತರಲ್ಲೂ ಹೋಲಿಸಿ ನೋಡಿದ್ದರು. ಅಲ್ಲೂ ಕಾಯಿಲೆಯ ಜೊತೆ ಸಂಬಂಧ ಕಂಡಿತ್ತು.

ಇದನ್ನು ಓದಿ, ‘ಹಾಗಾದರೆ ಎ9 ಇದ್ದವರ ಹಲ್ಲು ಬೀಳುತ್ತೆ’ ಅಂತ ಬರೆದರೆ ನಾನು ಸೊನ್ನೆ ಹಾಕುತ್ತೇನೆ! ಎ9 ಗುಂಪಿಗೆ ಸೇರಿದ ಎ24 ಏಷ್ಯಾದಲ್ಲಿ ಬಹಳ ಸಾಮಾನ್ಯ. ಅದನ್ನು ಹೊತ್ತವರಲ್ಲಿ ಬಹುಪಾಲು ಜನರ ಹಲ್ಲು ಗಟ್ಟಿಯಾಗೇ ಇವೆ. ಗುರುತು ಬೇರೆ, ಕಾರಣ ಬೇರೆ. ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಕಾಯಿಲೆಯನ್ನೇ ನೋಡಿ. ಅದಕ್ಕೂ ಎಚ್‌ಎಲ್‌ಎ-ಬಿ27ಕ್ಕೂ ಇರುವ ನಂಟು 1973ರಲ್ಲೇ ಗೊತ್ತಾಯಿತು. ಯುರೋಪಿನಲ್ಲಿ ಆ ರೋಗಿಗಳ ಪೈಕಿ 100ಕ್ಕೆ ಸುಮಾರು 90 ಮಂದಿಗೆ ಬಿ27 ಇದೆ. ಆದರೆ ಬಿ27 ಇರುವ 100 ಮಂದಿಯಲ್ಲಿ ಕಾಯಿಲೆ ಬರುವುದು ಕೆಲವೇ ಕೆಲವರಿಗೆ. ಅಷ್ಟು ಗಟ್ಟಿ ಸಂಬಂಧದ ಕಥೆಯೇ ಹೀಗೆ. ಒಸಡಿನ ಸಂಬಂಧ ಇದಕ್ಕಿಂತ ಎಷ್ಟೋ ಸಡಿಲ. ಇಂಟರ್‌ಲ್ಯೂಕಿನ್-1ರ ಜೀನಿನಲ್ಲೂ 1997ರಲ್ಲಿ ಒಂದು ಗುರುತು ಸಿಕ್ಕಿತು, ಅದರ ಪರೀಕ್ಷೆ ಅಮೆರಿಕದಲ್ಲಿ ಮಾರಾಟಕ್ಕೂ ಬಂತು. ಆಮೇಲಿನ ಅಧ್ಯಯನಗಳು ಕೆಲವು ಹೌದೆಂದವು, ಕೆಲವು ಅಲ್ಲವೆಂದವು. ಇವತ್ತಿಗೂ ಒಸಡಿನ ಕಾಯಿಲೆಯನ್ನು ಪತ್ತೆ ಮಾಡುವುದು ಸಣ್ಣ ಅಳತೆ ಕಡ್ಡಿ ಮತ್ತು ಎಕ್ಸ್‌ರೇಯಿಂದಲೇ, ಜೀನ್ ಪರೀಕ್ಷೆಯಿಂದಲ್ಲ.

ಮನೆಯಲ್ಲಿ ಹರಿಯುವುದೆಲ್ಲ ಜೀನೇ?

ಅಪ್ಪನಿಗಿದ್ದದ್ದು ಮಗನಿಗೆ ಬಂತು ಅಂದ ತಕ್ಷಣ ಜೀನ್ ಅನ್ನಬೇಡಿ. ಮಾತೂ ಅಪ್ಪನಿಂದಲೇ ಬರುತ್ತದೆ, ಅದು ಜೀನಲ್ಲ. ಒಂದೇ ಮನೆಯಲ್ಲಿ ಒಂದೇ ಲೋಟ, ಮಗುವಿಗೆ ಅಗಿದು ಕೊಡುವ ತುತ್ತು. ಬಾಯಿಯ ಬ್ಯಾಕ್ಟೀರಿಯಾಗಳೂ ಹೀಗೆ ಆಸ್ತಿಯಂತೆ ದಾಟುತ್ತವೆ. ಮೊರೊಕ್ಕೊ ದೇಶದ ಶಾಲಾ ಮಕ್ಕಳನ್ನು ಎರಡು ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅಗ್ರಿಗೇಟಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಜೆಪಿ2 ಎಂಬ ಒಂದು ತಳಿ ಬಿಳಿ ರಕ್ತಕಣಗಳನ್ನೇ ಕೊಲ್ಲುವ ವಿಷವನ್ನು ಹೆಚ್ಚಾಗಿ ಉಗುಳುತ್ತದೆ. ಅದಿದ್ದ ಮಕ್ಕಳಿಗೆ ಕಾಯಿಲೆ ಬರುವ ಅಪಾಯ ಹಲವು ಪಟ್ಟು ಹೆಚ್ಚಿತ್ತು.

ಜೀನನ್ನೂ ಮನೆಯನ್ನೂ ಬೇರ್ಪಡಿಸಿ ನೋಡುವ ಉಪಾಯ ಅವಳಿ ಮಕ್ಕಳು. ತದ್ರೂಪಿ ಅವಳಿಗಳಲ್ಲಿ ಜೀನುಗಳೆಲ್ಲ ಒಂದೇ, ಸಾಮಾನ್ಯ ಅವಳಿಗಳಲ್ಲಿ ಸರಾಸರಿ ಅರ್ಧ. ಮನೆ ಮಾತ್ರ ಇಬ್ಬರಿಗೂ ಒಂದೇ. ಅಮೆರಿಕದಲ್ಲಿ 117 ಜೋಡಿ ವಯಸ್ಕ ಅವಳಿಗಳನ್ನು ಪರೀಕ್ಷಿಸಿ 2000ದಲ್ಲಿ ಹೇಳಿದ್ದು ಇದು: ಜನರ ನಡುವೆ ಈ ಕಾಯಿಲೆಯಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಪಾಲು ಜೀನಿನ ವ್ಯತ್ಯಾಸದಿಂದ. ಒಬ್ಬರ ಕಾಯಿಲೆಯಲ್ಲಿ ಅರ್ಧ ಜೀನಿನದು ಅಂತ ಇದರ ಅರ್ಥವಲ್ಲ. ಬರೀ ಒಸಡು ಊತದಲ್ಲಿ ಜೀನಿನ ಪಾತ್ರ ಕಾಣಲೇ ಇಲ್ಲ.

ಒಂದೇ ಒಂದು ಜೀನ್ ಕೆಟ್ಟು ಹಲ್ಲು ಹೋಗುವ ಕಾಯಿಲೆಯೂ ಇದೆ, ಬಹಳ ಅಪರೂಪ. 1924ರಲ್ಲಿ ಇಬ್ಬರು ಫ್ರೆಂಚ್ ವೈದ್ಯರು ವಿವರಿಸಿದ ಪಾಪಿಯೋನ್-ಲೆಫೆವ್ರ್ ಕಾಯಿಲೆ. ಅಂಗೈ ಅಂಗಾಲು ದಪ್ಪವಾಗಿ ಒಡೆಯುತ್ತವೆ, ಹಾಲುಹಲ್ಲುಗಳು ನಾಲ್ಕೈದು ವರ್ಷಕ್ಕೇ ಬೀಳುತ್ತವೆ, ಹರೆಯದಲ್ಲಿ ಶಾಶ್ವತ ಹಲ್ಲುಗಳೂ ಹೋಗುತ್ತವೆ. 10 ಲಕ್ಷಕ್ಕೆ ಒಬ್ಬರಿಂದ ನಾಲ್ವರಿಗೆ ಮಾತ್ರ. 11ನೇ ವರ್ಣತಂತುವಿನ ಕೆಥೆಪ್ಸಿನ್ ಸಿ ಎಂಬ ಜೀನ್ ಕಾರಣ ಅಂತ 1999ರಲ್ಲಿ ಗೊತ್ತಾಯಿತು. ಇದು ಅಪ್ರಬಲ ಗುಣ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ. ಒಂದೇ ಪ್ರತಿ ಇದ್ದವರು ಆರೋಗ್ಯವಂತರು, ಅವರಿಗೆ ಗೊತ್ತೂ ಇರುವುದಿಲ್ಲ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿ ಇದೆಯಲ್ಲ? ಸೋದರಮಾವನಿಗೂ ಸೊಸೆಗೂ ಸರಾಸರಿ ನಾಲ್ಕನೇ ಒಂದು ಪಾಲು ಜೀನುಗಳು ಒಂದೇ ಇರುತ್ತವೆ. ಅಡಗಿದ್ದ ಎರಡು ಕೆಟ್ಟ ಪ್ರತಿಗಳು ಒಂದೇ ಮಗುವಿನಲ್ಲಿ ಸೇರುವ ಅವಕಾಶ ಅಲ್ಲಿ ಹೆಚ್ಚು. ನಿಮ್ಮಲ್ಲಿ ಎಷ್ಟೋ ಜನ ಅಂಥ ಮನೆಗಳಿಂದಲೇ ಬಂದಿದ್ದೀರಿ, ನಾನೂ ಹಾಗೇ. ಹಿರಿಯರನ್ನು ದೂರಲು ಹೇಳುತ್ತಿಲ್ಲ, ಮೆಂಡಲ್ ಪಾಠ ಬರೀ ಬಟಾಣಿಗಷ್ಟೇ ಅಲ್ಲ ಅಂತ ಹೇಳುತ್ತಿದ್ದೇನೆ.

ಹುಡುಗನ ಕಥೆ ಮುಂದೆ

ವೈದ್ಯರು ಒಸಡಿನ ಕೆಳಗಿನವರೆಗೆ ಬೇರನ್ನು ಶುಚಿ ಮಾಡಿದರು. ಕೆಲವು ದಿನ ಆಂಟಿಬಯಾಟಿಕ್ ಕೊಟ್ಟರು (ಅದನ್ನು ಅಂಗಡಿಯಲ್ಲಿ ಕೇಳಿ ನುಂಗುವ ಕೆಲಸ ನೀವು ಮಾಡಬೇಡಿ). ಮೂರು ತಿಂಗಳಿಗೊಮ್ಮೆ ಬರಲು ಹೇಳಿದರು. ಅವನ ಮನೆಯವರು ಸುಗ್ಗಿಗೆ ಗುಂಟೂರು ಕಡೆ ಮೆಣಸಿನಕಾಯಿ ಕೀಳಲು ಹೋಗುವವರು. ಒಂದು ಸರದಿ ತಪ್ಪಿಯೂ ಹೋಯಿತು. ಆದರೂ ಹಲ್ಲುಗಳು ನಿಂತಿವೆ. ಕರಗಿದ ಮೂಳೆ ಪೂರ್ತಿ ವಾಪಸ್ ಬಂದಿಲ್ಲ. ಕಾಯಿಲೆ ಮಾತ್ರ ಮುಂದಕ್ಕೆ ಹೋಗಿಲ್ಲ. ಗುಟ್ಕಾ, ಬೀಡಿ ಹತ್ತಿರ ಹೋದರೆ ಇದೆಲ್ಲ ನೀರಲ್ಲಿ ಹೋಮ ಅಂತ ವೈದ್ಯರು ಅವನಿಗಲ್ಲ, ಅವನ ಅಪ್ಪನ ಮುಖ ನೋಡಿ ಹೇಳಿದರು.

ಆಮೇಲೆ ಅವರು ತಾಯಿಯನ್ನು ಕೇಳಿದ್ದು, "ಒಡಹುಟ್ಟಿದವರು ಇದ್ದಾರೇನಮ್ಮಾ?" ಇದ್ದಳು, ಏಳನೇ ತರಗತಿಯ ತಂಗಿ. ಅವಳಿಗೆ ನೋವಿಲ್ಲ, ಸಂದಿಲ್ಲ, ಏನೂ ಇಲ್ಲ. ಎಕ್ಸ್‌ರೇಯಲ್ಲಿ ಒಂದು ದವಡೆಹಲ್ಲಿನ ಪಕ್ಕ ಮೂಳೆ ಸ್ವಲ್ಪ ತಗ್ಗಾಗಿತ್ತು. ಅಲ್ಲೇ ಹಿಡಿದರು. ‘ವಂಶದಲ್ಲಿದೆ’ ಅನ್ನುವ ತಾಯಿಯ ಮಾತು ಹೀಗೆ ಕೆಲಸಕ್ಕೆ ಬಂತು.

ನೀವು ಮಾಡಿ ನೋಡುವುದು

ಬೀಟ್‌ರೂಟಿನ ಹಸಿ ಚೂರನ್ನು ಅಗಿದು, ನೀರಿನಿಂದ ಒಮ್ಮೆ ಮುಕ್ಕಳಿಸಿ, ಕನ್ನಡಿ ನೋಡಿ. ಬಣ್ಣ ಹೆಚ್ಚು ಹಿಡಿದ ಜಾಗದಲ್ಲಿ ಪಾಚಿ ಇದೆ. ಸಾಮಾನ್ಯವಾಗಿ ಅದು ಒಸಡಿನ ಅಂಚಿನಲ್ಲೇ. ಉಜ್ಜುವಾಗ ರಕ್ತ ಬಂತು ಅಂತ ಆ ಜಾಗ ಬಿಟ್ಟು ಉಜ್ಜುತ್ತಾರೆ ಬಹಳ ಜನ. ಮೆತ್ತನೆ ಬ್ರಷ್ ಹಿಡಿದು ಅಲ್ಲೇ ಉಜ್ಜಬೇಕು. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ, ಹಲ್ಲಿನ ನಡುವೆ ಹೊಸ ಸಂದು ಬಿದ್ದರೆ, ಗಟ್ಟಿ ಹಲ್ಲು ಅಲ್ಲಾಡಿದರೆ ಮನೆಯಲ್ಲಿ ಹೇಳಿ. ಮನೆಯಲ್ಲಿ ಕೇಳದಿದ್ದರೆ ನಿಮ್ಮ ಮೇಷ್ಟ್ರಿಗೆ ಹೇಳಿ. ಅವರು ನನ್ನ ಹಾಗೆ ಎಲ್ಲರ ಮುಂದೆ ಕೇಳದಿರಲಿ.

ಇನ್ನೊಂದು ಕಾಗದದ ಆಟ. ಎಚ್‌ಎಲ್‌ಎ ಜೀನುಗಳು ಅಕ್ಕಪಕ್ಕ ಕೂತಿರುವುದರಿಂದ ಸಾಮಾನ್ಯವಾಗಿ ಒಂದು ಕಟ್ಟಾಗಿಯೇ ಮಗುವಿಗೆ ಬರುತ್ತವೆ. ಅಪ್ಪನ ಎರಡು ಕಟ್ಟಿಗೆ ಕೆಂಪು, ನೀಲಿ ಚೀಟಿ. ಅಮ್ಮನ ಎರಡಕ್ಕೆ ಹಳದಿ, ಹಸಿರು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕಣ್ಣುಮುಚ್ಚಿ ತೆಗೆಯಿರಿ. ಅದು ಅಣ್ಣ. ಚೀಟಿ ವಾಪಸ್ ಹಾಕಿ ಮತ್ತೆ ತೆಗೆಯಿರಿ. ಅದು ತಂಗಿ. ಹೀಗೆ 40 ಸಲ ಮಾಡಿ ಬರೆದಿಡಿ. ಎರಡೂ ಬಣ್ಣ ಹೊಂದಿದ್ದು ಎಷ್ಟು ಸಲ, ಒಂದೇ ಹೊಂದಿದ್ದು ಎಷ್ಟು, ಒಂದೂ ಹೊಂದದ್ದು ಎಷ್ಟು? ನಮ್ಮ ತರಗತಿಯಲ್ಲಿ ಬಂದದ್ದು 11, 19, 10. ನಿಮ್ಮದು ಬೇರೆ ಬರುತ್ತದೆ. ಆದರೆ 10, 20, 10ರ ಹತ್ತಿರವೇ ಯಾಕೆ ಸುಳಿಯುತ್ತದೆ ಅಂತ ಯೋಚಿಸಿ, ನಿಮ್ಮ ನೋಟ್ಸಿನಲ್ಲಿ ಚೌಕ ಹಾಕಿ ತೋರಿಸಿ.